ಕಾಯಿನನ ಎದೆಯಲ್ಲೂ ಆರದ ಕಿಡಿ: ಕ್ರೈಸ್ತ ಅನುಭಾವ ಮತ್ತು ಕಾನೂನಿನ ಆತ್ಮಸಾಕ್ಷಿ

ಬಾಬಿಲೋನಿನ ಸೆರೆವಾಸದಲ್ಲಿದ್ದ ಪ್ರವಾದಿ ಯೆಹೆಜ್ಕೇಲನಿಗೆ ಕೆಬಾರ್ ನದಿಯ ದಡದಲ್ಲಿ ಆದ ದರ್ಶನದಲ್ಲಿ ಬಿರುಗಾಳಿ, ಮೋಡ ಮತ್ತು ಬೆಂಕಿಯ ನಡುವಿನಿಂದ ನಾಲ್ಕು ಜೀವಿಗಳು ಹೊರಬರುತ್ತವೆ. ಒಂದೊಂದಕ್ಕೂ ನಾಲ್ಕು ಮುಖ: ಮನುಷ್ಯನದು, ಸಿಂಹದ್ದು, ಹೋರಿಯದು, ಹದ್ದಿನದು. ಕ್ರೈಸ್ತ ಕಲೆಯ ಪರಿಚಯವಿರುವವರಿಗೆ ಇವು ನಾಲ್ವರು ಶುಭಸಂದೇಶಕಾರರ ಗುರುತುಗಳು. ಮತ್ತಾಯನಿಗೆ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಹೋರಿ, ಯೊವಾನ್ನನಿಗೆ ಹದ್ದು. ಈ ಹಂಚಿಕೆ ಪಶ್ಚಿಮದಲ್ಲಿ ನೆಲೆಗೊಳ್ಳಲು ಸಂತ ಜೆರೋಮರೇ ಮುಖ್ಯ ಕಾರಣ. ಆದರೆ 410ರಲ್ಲಿ ರೋಮ್ ನಗರ ಗಾಥರ ಪಾಲಾದ ನಂತರದ ವರ್ಷಗಳಲ್ಲಿ, ಬೆತ್ಲೆಹೇಮಿನಲ್ಲಿ ಕುಳಿತು ಯೆಹೆಜ್ಕೇಲನ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಿದ್ದಾಗ, ಅದೇ ಜೆರೋಮರು ಹಿಂದಿನವರು ಹೇಳುತ್ತಿದ್ದ ಮತ್ತೊಂದು ಒಳ ಅರ್ಥವನ್ನೂ ದಾಖಲಿಸಿದರು. ಅದರ ಪ್ರಕಾರ ಮನುಷ್ಯಮುಖವೆಂದರೆ ವಿವೇಕ, ಸಿಂಹವೆಂದರೆ ರೋಷ, ಹೋರಿಯೆಂದರೆ ಕಾಮನೆ. ಇವು ಪ್ಲೇಟೋ ಹೇಳಿದ ಆತ್ಮದ ಮೂರು ಭಾಗಗಳು. ಹದ್ದು ಈ ಮೂರರ ಮೇಲೆ, ಮೂರಕ್ಕೂ ಹೊರತಾಗಿ ಇರುವ ನಾಲ್ಕನೆಯ ಶಕ್ತಿ. ಅದು ಉಳಿದ ಮೂರರೊಡನೆ ಬೆರೆಯುವುದಿಲ್ಲ. ಅವು ದಾರಿ ತಪ್ಪಿದಾಗ ತಿದ್ದುತ್ತದೆ. ತಮ್ಮನನ್ನು ಕೊಂದ ಕಾಯಿನನ ಎದೆಯಲ್ಲಿಯೂ ಆರದೆ ಉಳಿದ ಆತ್ಮಸಾಕ್ಷಿಯ ಕಿಡಿ ಅದೇ ಎಂದು ಜೆರೋಮರು ಬರೆಯುತ್ತಾರೆ.

ಆತ್ಮಸಾಕ್ಷಿಯ ಸ್ವಾತಂತ್ರ್ಯ, ಆತ್ಮಸಾಕ್ಷಿ ಒಪ್ಪದ ಕರಾರು, ಸಾರ್ವಜನಿಕ ಆತ್ಮಸಾಕ್ಷಿ ಮುಂತಾದ ಮಾತುಗಳನ್ನು ಕಾನೂನು ಇಂದಿಗೂ ಆಡುತ್ತಿದೆ. ಈ ಕಲ್ಪನೆ ನ್ಯಾಯಾಲಯದ ಒಳಗೆ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಅದು ಸಂಹಿತೆಗಳಿಗಿಂತ ಹೆಚ್ಚಾಗಿ ಮಠಗಳ ಕೋಣೆಗಳನ್ನು, ಅನುಭಾವಿಗಳ ಪ್ರವಚನಗಳನ್ನು, ಕೊನೆಗೆ ಜೆರೋಮರ ಆ ಹಕ್ಕಿಯನ್ನು ಮುಟ್ಟುತ್ತದೆ ಎಂಬುದು ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವ ಸಂಗತಿ. ಅದರೊಡನೆ ಇನ್ನೊಂದನ್ನೂ ಹೇಳಲೇಬೇಕು. ಕಿಡಿಯೊಂದು ಇದೆಯೆಂದು ಒಪ್ಪಿದ ಕಾನೂನು ಅದನ್ನು ಯಾರ ಎದೆಯಲ್ಲಿ ಹುಡುಕುತ್ತದೆ ಎನ್ನುವುದರ ಮೇಲೆ ಅದರ ಯೋಗ್ಯತೆ ನಿಂತಿದೆ. ಹಕ್ಕುಪತ್ರವನ್ನು ಕೈಯಲ್ಲಿ ಹಿಡಿದು ಬಂದ ಬಲಾಢ್ಯನನ್ನು ಕುರಿತು "ನಿನ್ನ ಆತ್ಮಸಾಕ್ಷಿ ಇದನ್ನು ಒಪ್ಪುತ್ತದೆಯೇ" ಎಂದು ಕೇಳಿದಾಗ ಕಾನೂನು ಬೆಳೆದಿದೆ. ಕಟಕಟೆಯಲ್ಲಿ ನಿಂತ ಒಂಟಿ ಮನುಷ್ಯರ ಎದೆಯನ್ನು ಬಗೆದು ನೋಡಲು ಹೊರಟಾಗ ಅದು ಜನರನ್ನು ಸುಟ್ಟಿದೆ.

ಹದಿಮೂರನೆಯ ಶತಮಾನದ ಪ್ಯಾರಿಸ್ಸಿನ ವಿದ್ವಾಂಸರ ಕೈಯಲ್ಲಿ ಜೆರೋಮರ ಒಂದು ವಾಕ್ಯವೇ ಒಂದು ಶಾಸ್ತ್ರವಾಯಿತು. ಸಿಂಡರೆಸಿಸ್ ಎಂದು ಅವರು ಕರೆದ ಈ ಕಿಡಿಯ ಬಗ್ಗೆ ಎರಡು ಪಕ್ಷಗಳಿದ್ದವು. ಥಾಮಸ್ ಅಕ್ವಿನಾಸರ ಪ್ರಕಾರ ಅದು ತಿಳಿವಿಗೆ ಸೇರಿದ್ದು. ಒಳಿತನ್ನು ಮಾಡಬೇಕು, ಕೆಡುಕನ್ನು ಬಿಡಬೇಕು ಎಂಬ ಮೊದಲ ತತ್ತ್ವವನ್ನು ಬುದ್ಧಿ ಯಾರ ಬೋಧನೆಯೂ ಇಲ್ಲದೆ ಹಿಡಿದಿಟ್ಟುಕೊಂಡಿರುವ ನೆಲೆ. ಮನುಷ್ಯರು ಮಾಡುವ ಕಾನೂನುಗಳೆಲ್ಲ ಈ ಮೊದಲ ತತ್ತ್ವದಿಂದ ಇಳಿದು ಬಂದಾಗ ಮಾತ್ರ ಕಾನೂನು ಎನಿಸಿಕೊಳ್ಳುತ್ತವೆ. ಬೊನವೆಂಚರರ ಪ್ರಕಾರ ಅದು ಒಲವಿಗೆ ಸೇರಿದ್ದು, ಇಚ್ಛೆಯನ್ನು ಒಳಿತಿನ ಕಡೆಗೆ ವಾಲಿಸುವ ಒಂದು ಭಾರ. ಸಂತ ಫ್ರಾನ್ಸಿಸರಿಗೆ ಆರು ರೆಕ್ಕೆಗಳ ದೇವದೂತನ ದರ್ಶನವಾದ ಲಾ ವೆರ್ನಾ ಬೆಟ್ಟಕ್ಕೆ 1259ರಲ್ಲಿ ಹೋಗಿದ್ದ ಅವರು, ಆ ಆರು ರೆಕ್ಕೆಗಳನ್ನೇ ಆತ್ಮ ದೇವರತ್ತ ಏರುವ ಆರು ಮೆಟ್ಟಿಲುಗಳನ್ನಾಗಿ ಓದಿದರು. ಆರನೆಯ ಮೆಟ್ಟಿಲಿಗೆ ತಕ್ಕ ಶಕ್ತಿಯಾಗಿ, ಮನಸ್ಸಿನ ತುತ್ತತುದಿಯಾಗಿ ಇಟ್ಟದ್ದು ಈ ಕಿಡಿಯನ್ನು. ಕಾನೂನು ಪಂಡಿತರಿಗೆ ಥಾಮಸರು ಹಿಡಿಸಿದರು, ಅನುಭಾವಿಗಳಿಗೆ ಬೊನವೆಂಚರರು.

ಪಾಠಶಾಲೆಯ ಈ ಚರ್ಚೆ ಬೀದಿಗೆ ಇಳಿಯಲು ಕಾರಣವಾದದ್ದು 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ. ಅದರ ಎರಡು ವಿಧಿಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಅಲ್ಲಿಯವರೆಗೆ ಯುರೋಪಿನ ನ್ಯಾಯಾಲಯಗಳು ಸಾಕ್ಷ್ಯ ಸಿಗದ ಮೊಕದ್ದಮೆಗಳಲ್ಲಿ ಆರೋಪಿಯ ಕೈಗೆ ಕಾಯಿಸಿದ ಕಬ್ಬಿಣ ಕೊಡುವ, ಅವನನ್ನು ನೀರಿಗಿಳಿಸುವ ದಿವ್ಯಪರೀಕ್ಷೆಗಳನ್ನು ನಡೆಸುತ್ತಿದ್ದವು; ಸುಟ್ಟ ಗಾಯ ಮಾಯುವ ರೀತಿಯನ್ನು ನೋಡಿ ದೇವರ ತೀರ್ಪನ್ನು ಓದುತ್ತಿದ್ದವು. ಮಹಾಸಭೆಯ ಹದಿನೆಂಟನೆಯ ವಿಧಿ ಇಂಥ ಪರೀಕ್ಷೆಗಳನ್ನು ಯಾಜಕರು ಆಶೀರ್ವದಿಸಕೂಡದೆಂದಿತು. ಯಾಜಕನ ಮಂತ್ರವಿಲ್ಲದ ಕಬ್ಬಿಣ ಬರೀ ಕಬ್ಬಿಣವೇ ಆದ್ದರಿಂದ ಆ ಪದ್ಧತಿ ಕುಸಿಯಿತು. ಇಪ್ಪತ್ತೊಂದನೆಯ ವಿಧಿ ತಿಳಿವಳಿಕೆ ಬಂದ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಯಾಜಕನ ಮುಂದೆ ಗುಟ್ಟಾಗಿ ತನ್ನ ಪಾಪಗಳನ್ನು ಹೇಳಿಕೊಳ್ಳುವ ಪಾಪನಿವೇದನೆ ಮಾಡಬೇಕೆಂದಿತು. ಕೇಳಿಸಿಕೊಂಡದ್ದನ್ನು ಹೊರಗೆ ಹಾಕಿದ ಯಾಜಕನಿಗೆ ಪದಚ್ಯುತಿ ಮತ್ತು ಆಜೀವ ಮಠವಾಸದ ಶಿಕ್ಷೆ ವಿಧಿಸಿತು. ಹೊರಗಿನ ಕಬ್ಬಿಣದ ಮೇಲೆ ಬರೆಯುತ್ತಿದ್ದ ದೇವರ ತೀರ್ಪು ಒಂದೇ ಸಭೆಯ ನಿರ್ಣಯಗಳಿಂದ ಒಳಗಿನ ಎದೆಗೆ ವರ್ಗವಾಯಿತೆಂದು ಹೇಳಬಹುದು.

ಧರ್ಮಸಭೆಯ ಕಾನೂನು ಪಂಡಿತರು ಇದರಿಂದ ಎರಡು ಪೀಠಗಳನ್ನು ಗುರುತಿಸಿದರು. ಪಾಪನಿವೇದನೆಯಲ್ಲಿ ಕೂರುವುದು ಒಳಗಿನ ಪೀಠ, ನ್ಯಾಯಾಧೀಶ ಕೂರುವುದು ಹೊರಗಿನ ಪೀಠ. ಗುಪ್ತವಾದುದರ ಬಗ್ಗೆ ಧರ್ಮಸಭೆ ತೀರ್ಪು ಕೊಡುವುದಿಲ್ಲ ಎಂಬ ಸೂತ್ರವೂ ಅವರದೇ. ನ್ಯಾಯಾಧೀಶನ ಸ್ವಂತ ಆತ್ಮಸಾಕ್ಷಿಯ ವಿಷಯದಲ್ಲಿ ಅವರು ತೋರಿದ ಬಿಗಿಯನ್ನು ಇಲ್ಲಿ ನೆನೆಯಬೇಕು. ಆರೋಪಿ ನಿರಪರಾಧಿ ಎಂದು ನ್ಯಾಯಾಧೀಶನಿಗೆ ಖಾಸಗಿಯಾಗಿ ಗೊತ್ತಿದೆ, ಆದರೆ ಸಾಕ್ಷಿಗಳೆಲ್ಲ ವಿರುದ್ಧವಾಗಿ ನುಡಿದಿದ್ದಾರೆ ಎನ್ನೋಣ. ಸಾಕ್ಷಿಗಳನ್ನು ಇನ್ನೂ ಕೂಲಂಕಷವಾಗಿ ಪರೀಕ್ಷಿಸಿ ಬಿಡುಗಡೆಗೆ ದಾರಿ ಹುಡುಕಬೇಕು, ಆಗದಿದ್ದರೆ ಮೊಕದ್ದಮೆಯನ್ನು ಮೇಲಿನವರಿಗೆ ಒಪ್ಪಿಸಬೇಕು, ಅದೂ ಆಗದಿದ್ದರೆ ಸಾಕ್ಷ್ಯಕ್ಕೆ ಅನುಗುಣವಾಗಿಯೇ ತೀರ್ಪು ಕೊಡಬೇಕು ಎಂದು ಥಾಮಸರು ಉತ್ತರಿಸಿದರು. ಈ ಉತ್ತರ ಓದಿದವರಿಗೆಲ್ಲ ಇರುಸುಮುರುಸಾಗುತ್ತದೆ, ನನಗೂ ಆಗುತ್ತದೆ. ಆದರೆ ಪೀಠದ ಮೇಲೆ ಕುಳಿತವನು ತನ್ನ ಒಳಗಿನ ಬೆಳಕನ್ನೇ ಸಾಕ್ಷ್ಯವಾಗಿ ಬಳಸಲು ಬಿಟ್ಟರೆ ನಿರಪರಾಧಿಯನ್ನು ಗಲ್ಲಿಗೆ ಹಾಕಲೂ ಅದೇ ಬೆಳಕು ಸಾಕಾಗುತ್ತದೆ ಎಂಬ ಅಂಜಿಕೆ ಅದರ ಹಿಂದಿದೆ.

ಸಾಕ್ಷ್ಯದ ನಿಯಮ ಇಷ್ಟು ಬಿಗಿಯಾದದ್ದಕ್ಕೆ ಒಂದು ಕರಾಳ ಪರಿಣಾಮವೂ ಇತ್ತು. ಯುರೋಪಿನ ಮುಖ್ಯಭೂಮಿಯಲ್ಲಿ ಗಂಭೀರ ಅಪರಾಧಕ್ಕೆ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಬೇಕು, ಇಲ್ಲವೇ ತಪ್ಪೊಪ್ಪಿಗೆ ಬೇಕು. ಸಾಕ್ಷಿಗಳು ಸಿಗದಾಗ ತಪ್ಪೊಪ್ಪಿಗೆಗಾಗಿ ಚಿತ್ರಹಿಂಸೆ ಬಂತು. ಪಾಷಂಡ ಮೊಕದ್ದಮೆಗಳಲ್ಲಿ ಅದಕ್ಕೆ 1252ರಲ್ಲಿ ನಾಲ್ಕನೆಯ ಇನೊಸೆಂಟ್ ಪೋಪ್ ಅನುಮತಿ ಕೊಟ್ಟರು. ಪಾಷಂಡವೆಂದರೆ ಒಳಗಿನ ನಂಬಿಕೆಯ ಅಪರಾಧ. ಗುಪ್ತವಾದುದರ ಬಗ್ಗೆ ತೀರ್ಪಿಲ್ಲ ಎಂದ ಕಾನೂನೇ ಗುಪ್ತವಾದುದನ್ನು ಬಾಯಿಬಿಡಿಸಲು ಕುಳಿತಿತು.

ಮಾರ್ಗರೀಟ್ ಪೊರೆಟ್ ಈ ವಿರೋಧಾಭಾಸಕ್ಕೆ ಸಿಕ್ಕವಳು. ಯಾವ ಮಠದ ನೇಮಕ್ಕೂ ಒಳಪಡದೆ ಭಕ್ತಿಯ ಬದುಕು ನಡೆಸುತ್ತಿದ್ದ ಬೆಗೀನ್ ಎಂಬ ಸ್ತ್ರೀಯರ ಸಾಲಿಗೆ ಸೇರಿದ ಆಕೆ, ದೇವರ ಪ್ರೇಮದಲ್ಲಿ ಕರಗಿ ಇಲ್ಲವಾದ ಆತ್ಮ ಸದ್ಗುಣಗಳ ಚಾಕರಿಯಿಂದಲೂ ಬಿಡುಗಡೆ ಪಡೆಯುತ್ತದೆ ಎಂದು ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕ ಬರೆದಳು. ಪ್ಯಾರಿಸ್ಸಿನಲ್ಲಿ ವಿಚಾರಣಾಧಿಕಾರಿಯ ಮುಂದೆ ತಂದು ನಿಲ್ಲಿಸಿದಾಗ ಆಕೆ ಪ್ರಮಾಣ ಮಾಡಲು ಒಪ್ಪಲಿಲ್ಲ, ಪ್ರಶ್ನೆಗಳಿಗೆ ಉತ್ತರ ಕೊಡಲೂ ಒಪ್ಪಲಿಲ್ಲ. ಅವಳ ಎದೆಯೊಳಗೆ ಇಳಿಯಲು ನ್ಯಾಯಾಲಯಕ್ಕೆ ಉಳಿದಿದ್ದ ಬಾಗಿಲು ಪುಸ್ತಕ ಮಾತ್ರ. ಅದರಿಂದ ಕಿತ್ತು ತೆಗೆದ ಕೆಲವು ವಾಕ್ಯಗಳನ್ನು 21 ದೇವಶಾಸ್ತ್ರಜ್ಞರ ಮುಂದಿಟ್ಟು ಅಭಿಪ್ರಾಯ ಪಡೆಯಲಾಯಿತು. 1310ರ ಜೂನ್ 1ರಂದು ಗ್ರೆವ್ ಚೌಕದಲ್ಲಿ ಆಕೆಯನ್ನು ಸುಟ್ಟರು. ಪುಸ್ತಕ ಮಾತ್ರ ಕರ್ತೃವಿನ ಹೆಸರಿಲ್ಲದೆ ಲ್ಯಾಟಿನ್, ಇಟಾಲಿಯನ್, ಇಂಗ್ಲಿಷ್ ಅನುವಾದಗಳಲ್ಲಿ ಮಠಗಳ ಒಳಗೇ ಓಡಾಡಿಕೊಂಡಿತ್ತು. ಸುಟ್ಟ ಹೆಂಗಸಿಗೂ ಆ ಪುಸ್ತಕಕ್ಕೂ ಇರುವ ನಂಟು ವಿದ್ವತ್ ಲೋಕಕ್ಕೆ ಗೊತ್ತಾದದ್ದು 1946ರಲ್ಲಿ.

ಮೈಸ್ಟರ್ ಎಕ್‌ಹಾರ್ಟರ ಮೊಕದ್ದಮೆಯಲ್ಲಿ ಕಟಕಟೆಗೆ ಬಂದದ್ದು ಜೆರೋಮರ ಕಿಡಿಯೇ. ಆತ್ಮದ ಆಳದಲ್ಲಿ ಒಂದು ಕಿಡಿಯಿದೆ, ದೇವರು ತನ್ನ ಮಗನನ್ನು ಅಲ್ಲಿ ಹಡೆಯುತ್ತಾನೆ ಎಂದು ಈ ಡೊಮಿನಿಕನ್ ಸಂನ್ಯಾಸಿ ಜರ್ಮನ್ ಜನಭಾಷೆಯಲ್ಲಿ ಬೋಧಿಸುತ್ತಿದ್ದರು. 1326ರಲ್ಲಿ ಕಲೋನ್ ನಗರದ ಆರ್ಚ್‌ಬಿಷಪ್ಪರು ಅವರ ಮೇಲೆ ವಿಚಾರಣೆ ಹೂಡಿದರು. ಎಕ್‌ಹಾರ್ಟರು ತಮ್ಮ ಪ್ರತಿವಾದದಲ್ಲಿ, ನಾನು ತಪ್ಪಬಲ್ಲೆ, ಆದರೆ ಪಾಷಂಡಿಯಾಗಲಾರೆ, ಏಕೆಂದರೆ ಮೊದಲನೆಯದು ಬುದ್ಧಿಗೆ ಸೇರಿದ್ದು, ಎರಡನೆಯದು ಇಚ್ಛೆಗೆ ಸೇರಿದ್ದು ಎಂದರು. ಇದು ಅನುಭಾವಿಯ ಮಾತಾದಂತೆಯೇ ಪಕ್ಕಾ ವಕೀಲನ ಮಾತು ಕೂಡ. ಮನಸ್ಸು ಅಪರಾಧಿಯಾಗದೆ ಕೃತ್ಯ ಯಾರನ್ನೂ ಅಪರಾಧಿಯನ್ನಾಗಿ ಮಾಡದು ಎಂಬ, ಇಂದಿನ ಅಪರಾಧ ಕಾನೂನಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯುವ ತತ್ತ್ವದ ಬೇರು ಸುಳ್ಳು ಪ್ರಮಾಣದ ಬಗ್ಗೆ ಸಂತ ಅಗಸ್ಟೀನರು ಮಾಡಿದ ಒಂದು ಪ್ರವಚನದಲ್ಲಿದೆ. ಎಕ್‌ಹಾರ್ಟರು ಹಿಡಿದದ್ದು ಅದೇ ಎಳೆಯನ್ನು. ಅವರು ಪೋಪ್‌ಗೆ ಮೇಲ್ಮನವಿ ಸಲ್ಲಿಸಿ, ಪೋಪ್ ಆಗ ನೆಲೆಸಿದ್ದ ಅವಿಞೋನಿಗೆ ಹೋದರು, ತೀರ್ಪು ಬರುವ ಮೊದಲೇ ತೀರಿಕೊಂಡರು. 1329ರ ಮಾರ್ಚ್ 27ರ ಆಜ್ಞಾಪತ್ರ ಅವರ 28 ವಾಕ್ಯಗಳನ್ನು ಖಂಡಿಸಿತು. 17 ಪಾಷಂಡವೆಂದು, 11 ಸಂಶಯಾಸ್ಪದವೆಂದು. ಆತ್ಮದಲ್ಲಿ ಸೃಷ್ಟಿಯಾಗದ, ಸೃಷ್ಟಿಸಲು ಬಾರದ ಏನೋ ಒಂದು ಇದೆ ಎಂಬುದು ಅವುಗಳಲ್ಲೊಂದು. ತಾವು ಹಾಗೆ ಬೋಧಿಸಲಿಲ್ಲವೆಂದು ಎಕ್‌ಹಾರ್ಟರು ಬದುಕಿದ್ದಾಗಲೇ ಬಹಿರಂಗವಾಗಿ ಹೇಳಿದ್ದರು. ಆಜ್ಞಾಪತ್ರ ಬರೆದವರ ಆತಂಕವನ್ನು ಪೂರ್ತಿ ತಳ್ಳಿಹಾಕಲಾರೆ. ಕಿಡಿ ಸೃಷ್ಟಿಗೇ ಸೇರಿಲ್ಲವೆಂದಾದರೆ ಅದಕ್ಕೆ ಯಾವ ಕಾನೂನೂ ಅನ್ವಯಿಸದು, ತನ್ನೊಳಗಿನ ದನಿಯೇ ದೇವರೆಂದು ಸಾಧಿಸುವವನನ್ನು ತಡೆಯುವ ಬಗೆಯೂ ಇರದು. ಆದರೆ ಪ್ರವಚನದ ಬಿಸಿಯಲ್ಲಿ ಬಂದ ಮಾತನ್ನು ದಾವೆಪತ್ರದ ವಾಕ್ಯದಂತೆ ಕತ್ತರಿಸಿ ಓದುವ ವಿಧಾನದಿಂದ ಈ ಆತಂಕಕ್ಕೆ ಉತ್ತರ ಸಿಗುವಂತಿರಲಿಲ್ಲ.

ಎಕ್‌ಹಾರ್ಟರ ಲ್ಯಾಟಿನ್ ಬರಹಗಳ ಒಂದು ಹಸ್ತಪ್ರತಿ ಜರ್ಮನಿಯ ಮೋಸೆಲ್ ನದಿಯ ದಡದ ಕೂಸ್ ಎಂಬ ಊರಿನಲ್ಲಿದೆ. ಅಂಚುಗಳಲ್ಲಿ ಅದರ ಒಡೆಯನ ಟಿಪ್ಪಣಿಗಳಿವೆ. ಆ ಒಡೆಯ ನಿಕೊಲಾಸ್. 1401ರಲ್ಲಿ ಹುಟ್ಟಿ, 1423ರಲ್ಲಿ ಪಾದುವಾದಲ್ಲಿ ಧರ್ಮಸಭೆಯ ಕಾನೂನಿನಲ್ಲಿ ಪದವಿ ಪಡೆದ ವಕೀಲ, ಮುಂದೆ ಕಾರ್ಡಿನಲ್, ಹದಿನೈದನೆಯ ಶತಮಾನದ ದೊಡ್ಡ ಅನುಭಾವಿ. ಈ ವಿಷಯಕ್ಕೆ ಅವರಿಗಿಂತ ತಕ್ಕ ಮನುಷ್ಯ ಇನ್ನೊಬ್ಬರಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇನೆ. ಬಾಸೆಲ್ ಮಹಾಸಭೆಯ ಕಾಲದಲ್ಲಿ, 1433ರ ಸುಮಾರಿಗೆ, ಅವರು ಸಾಮರಸ್ಯವನ್ನು ಕುರಿತ ಒಂದು ಗ್ರಂಥ ಬರೆದರು. ಸ್ವಭಾವದಿಂದ ಎಲ್ಲರೂ ಸಮಾನ ಸ್ವತಂತ್ರರು, ಆದ್ದರಿಂದ ಬರೆದ ಕಾನೂನಾಗಲಿ ಅರಸನೆಂಬ ಜೀವಂತ ಕಾನೂನಾಗಲಿ ಆಳಿಸಿಕೊಳ್ಳುವವರ ಒಪ್ಪಿಗೆಯಿಂದಲೇ ಬಲ ಪಡೆಯುತ್ತದೆ ಎಂದು ಅದರಲ್ಲಿ ವಾದಿಸಿದರು. 

ಇಪ್ಪತ್ತು ವರ್ಷಗಳ ನಂತರ, 1453ರಲ್ಲಿ, ಟೆಗೆರ್ನ್‌ಸೇ ಮಠದ ಸಂನ್ಯಾಸಿಗಳು ಅನುಭಾವದ ದಾರಿಯನ್ನು ವಿವರಿಸಬೇಕೆಂದು ಕೇಳಿದಾಗ ನಿಕೊಲಾಸರು ಒಂದು ಪುಸ್ತಕದ ಜೊತೆಗೆ ಒಂದು ಚಿತ್ರವನ್ನೂ ಕಳಿಸಿದರು. ಎಲ್ಲಿಂದ ನೋಡಿದರೂ ನೋಡುವವನನ್ನೇ ದಿಟ್ಟಿಸುವಂತೆ ಬರೆದ ಮುಖ ಅದು. ಅದನ್ನು ಉತ್ತರದ ಗೋಡೆಗೆ ತೂಗುಹಾಕಿ, ನೀವೆಲ್ಲ ಸುತ್ತ ನಿಲ್ಲಿ ಎಂದು ಅವರು ಸೂಚಿಸುತ್ತಾರೆ. ಪ್ರತಿಯೊಬ್ಬನಿಗೂ ಅದು ತನ್ನನ್ನೊಬ್ಬನನ್ನೇ ನೋಡುತ್ತಿದೆ ಎನ್ನಿಸುತ್ತದೆ. ಪೂರ್ವದಲ್ಲಿ ನಿಂತವನು ಪಶ್ಚಿಮಕ್ಕೆ ನಡೆಯಲಿ. ನೋಟ ಅವನ ಜೊತೆಗೇ ಬರುತ್ತದೆ. ಅದೇ ಹೊತ್ತಿಗೆ ಇನ್ನೊಬ್ಬ ಪಶ್ಚಿಮದಿಂದ ಪೂರ್ವಕ್ಕೆ ನಡೆಯಲಿ. ಅವನ ಜೊತೆಗೂ ಬರುತ್ತದೆ. ಕದಲದ ಚಿತ್ರ ಏಕಕಾಲಕ್ಕೆ ಎರಡು ವಿರುದ್ಧ ದಿಕ್ಕಿಗೆ ಚಲಿಸಿದಂತಾಗುವ ಈ ವಿಚಿತ್ರವನ್ನು ಮೊದಲನೆಯವನು ತಾನಾಗಿ ನೋಡಲಾರ, ಎದುರಿನಿಂದ ಬಂದ ಸೋದರನನ್ನು ಕೇಳಿ ಅವನ ಮಾತನ್ನು ನಂಬಬೇಕು. ವಕೀಲನ ಕೈಚಳಕ ಇಲ್ಲಿ ಕಾಣುತ್ತದೆ ಎಂದು ನನ್ನ ಭಾವನೆ. ದೈವದ ನೋಟ ತನ್ನ ಮೇಲಿದೆ ಎಂಬುದಕ್ಕೆ ಒಬ್ಬನಿಗೆ ತನ್ನ ಅನುಭವವೇ ಸಾಕು. ಅದೇ ನೋಟ ಅಷ್ಟೇ ಪೂರ್ಣವಾಗಿ ಪಕ್ಕದವನ ಮೇಲೂ ಇದೆ ಎಂದು ತಿಳಿಯಲು ಪಕ್ಕದವನ ಸಾಕ್ಷ್ಯ ಬೇಕು.

ಇಂಥ ನೋಟದ ಚಿತ್ರಗಳಿಗೆ ಉದಾಹರಣೆ ಕೊಡುತ್ತಾ ನಿಕೊಲಾಸರು ಬ್ರಸೆಲ್ಸ್ ಪುರಭವನದಲ್ಲಿದ್ದ, ಮಹಾ ಚಿತ್ರಕಾರ ರೋಜಿಯರ್ ಬರೆದ ಫಲಕವೊಂದನ್ನು ಹೆಸರಿಸುತ್ತಾರೆ. ಪುರಭವನದ ನ್ಯಾಯಸಭೆಯವರ ಕಣ್ಣೆದುರಿಗೆ ಇರಲೆಂದು ರೋಜಿಯರ್ ವಾನ್ ಡೆರ್ ವೈಡೆನ್ ಬರೆದಿದ್ದವು ನ್ಯಾಯದ ಎರಡು ಕಥೆಗಳು. ಒಂದರಲ್ಲಿ ರೋಮ್ ಚಕ್ರವರ್ತಿ ಟ್ರಾಜನ್ ದಂಡಯಾತ್ರೆಗೆ ಹೊರಟವನು ಒಬ್ಬ ವಿಧವೆಯ ಮೊರೆ ಕೇಳಿ ನಿಂತು ನ್ಯಾಯ ಕೊಡುತ್ತಾನೆ. ಶತಮಾನಗಳ ಮೇಲೆ ಗ್ರೆಗರಿ ಪೋಪ್ ಆ ಕ್ರೈಸ್ತನಲ್ಲದ ಅರಸನಿಗಾಗಿ ಪ್ರಾರ್ಥಿಸುತ್ತಾರೆ, ಅವನ ತಲೆಬುರುಡೆಯಲ್ಲಿ ನ್ಯಾಯ ನುಡಿದ ನಾಲಿಗೆ ಮಾತ್ರ ಕೊಳೆಯದೆ ಉಳಿದಿರುವುದು ಕಾಣುತ್ತದೆ. ಇನ್ನೊಂದರಲ್ಲಿ ಹೆರ್ಕಿನ್‌ಬಾಲ್ಡ್ ಎಂಬ ನ್ಯಾಯಾಧಿಕಾರಿ ಮರಣಶಯ್ಯೆಯಲ್ಲಿದ್ದುಕೊಂಡೇ ಅತ್ಯಾಚಾರ ಎಸಗಿದ ಸ್ವಂತ ಸೋದರಳಿಯನನ್ನು ಕೊಲ್ಲುತ್ತಾನೆ. ಅದು ದಂಡನೆಯೇ ಹೊರತು ಪಾಪವಲ್ಲವೆಂದು ಪಾಪನಿವೇದನೆಯಲ್ಲಿ ಅದನ್ನು ಸೇರಿಸಲು ಒಪ್ಪುವುದಿಲ್ಲ. ಬಿಷಪ್ಪರು ಪರಮಪ್ರಸಾದ ನಿರಾಕರಿಸಿದರೆ, ಅದು ಪವಾಡದಿಂದ ಅವನ ಬಾಯಿಗೆ ಬಂದು ಸೇರುತ್ತದೆ. ಕಥೆ ಭಯಾನಕವಾದದ್ದು, ಒಳಗಿನ ಪೀಠವೂ ಹೊರಗಿನ ಪೀಠವೂ ಒಬ್ಬನೇ ಮನುಷ್ಯನ ಕೈಗೆ ಬಂದರೆ ಏನಾಗಬಹುದೆಂಬುದನ್ನು ಭಕ್ತಿಯಿಂದಲೇ ತೋರಿಸುತ್ತದೆ. 1695ರಲ್ಲಿ ಫ್ರೆಂಚ್ ಸೇನೆ ನಗರದ ಮೇಲೆ ಫಿರಂಗಿ ಹಾರಿಸಿದಾಗ ಫಲಕಗಳು ನಾಶವಾದವು. ಅವನ್ನು ಅನುಸರಿಸಿ ನೇಯ್ದ ಒಂದು ದೊಡ್ಡ ಚಿತ್ರಪಟ ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ; ಗ್ರೆಗರಿಯ ಪರಿವಾರದಲ್ಲಿ ನಿಂತು ಹೊರಗೆ ನೋಡುವ ಒಬ್ಬನ ಮುಖವೇ ನಿಕೊಲಾಸರು ಕಂಡ ಆ ಮುಖವಿರಬೇಕೆಂದು ಕಲಾ ಇತಿಹಾಸಕಾರರು ಊಹಿಸುತ್ತಾರೆ. ಬಂದವರನ್ನೆಲ್ಲ ದಿಟ್ಟಿಸುತ್ತಿದ್ದ ಆ ಕಣ್ಣುಗಳು ಕಟಕಟೆಯವನನ್ನು ನೋಡಿದಷ್ಟೇ ನೇರವಾಗಿ ತೀರ್ಪು ಬರೆಯುವವರನ್ನೂ ನೋಡುತ್ತಿದ್ದವು.

ನಿಕೊಲಾಸರನ್ನು ಇಲ್ಲಿಗೇ ಬಿಟ್ಟರೆ ಅದು ಅರ್ಧ ಸತ್ಯವಾಗುತ್ತದೆ. ಯೆಹೂದ್ಯರು ಬಟ್ಟೆಯ ಮೇಲೆ ಗುರುತು ಧರಿಸಬೇಕೆಂಬ ನಿಯಮವನ್ನು, ಅದೂ 1215ರ ಮಹಾಸಭೆಯದೇ, 1451ರಲ್ಲಿ ಪೋಪ್ ಪ್ರತಿನಿಧಿಯಾಗಿ ಜರ್ಮನಿಯಲ್ಲಿ ಸಂಚರಿಸುವಾಗ ಜಾರಿಗೊಳಿಸಲು ಹೊರಟವರು ಅವರೇ. ಬ್ರಿಕ್ಸೆನ್ನಿನ ಬಿಷಪ್ಪರಾಗಿ ಸೊನ್ನೆನ್‌ಬುರ್ಗ್ ಮಠದ ಸಂನ್ಯಾಸಿನಿಯರ ಮೇಲೆ ಮಠದ ಹೊರಗೆ ಕಾಲಿಡದಿರುವ ಕಟ್ಟುನಿಟ್ಟಿನ ಆವರಣವಾಸ ಹೇರಲು ಹೋಗಿ ಅಲ್ಲಿನ ಮಠಾಧಿಪತಿ ವೆರೆನಾ ವಾನ್ ಸ್ಟೂಬೆನ್ ಅವರಿಗೆ ಬಹಿಷ್ಕಾರ ಹಾಕಿದರು. ವಿವಾದ ಬೆಳೆದು 1458ರಲ್ಲಿ ಆಕೆಯ ಕೂಲಿ ಸೈನಿಕರು ಬಿಷಪ್ಪರ ಕಡೆಯವರ ಕೈಯಲ್ಲಿ ಹತರಾದರು. ಕೊನೆಗೆ 1460ರಲ್ಲಿ ಡ್ಯೂಕ್ ಸಿಗಿಸ್ಮುಂಡ್ ಕಾರ್ಡಿನಲ್ಲರನ್ನೇ ಬ್ರುನೆಕ್ ಕೋಟೆಯಲ್ಲಿ ಮುತ್ತಿ ಮಣಿಸಿದ. ಒಪ್ಪಿಗೆಯಿಂದಲೇ ಕಾನೂನು ಎಂದು ಬರೆದ ಕೈ ಮಠದ ಹೆಂಗಸರ ಒಪ್ಪಿಗೆಯನ್ನು ಕೇಳಲಿಲ್ಲ.

ಕಣ್ಣಿನ ಸಂಕೇತದ ಮಾತು ಬಂದಾಗಲೆಲ್ಲ ತ್ರಿಕೋನದೊಳಗಿನ ಕಣ್ಣು ಗುಪ್ತಸಂಘಗಳ ಪಿತೂರಿಯ ಗುರುತಲ್ಲವೇ ಎಂಬ ಪ್ರಶ್ನೆ ಸಭೆಯಲ್ಲಿ ಏಳುತ್ತದೆ. ಫ್ರೀಮೇಸನ್ನರು ಅದನ್ನು ಬಳಸಿದ್ದು ನಿಜ, ಆದರೆ ತ್ರಯೇಕ ದೇವರ ಕಣ್ಣಾಗಿ ಅದು ಅವರಿಗಿಂತ ಮೊದಲೇ ಚರ್ಚುಗಳಲ್ಲಿ ಇತ್ತು. ಪಿತೂರಿಗಿಂತ ಸ್ವಾರಸ್ಯವಾದದ್ದು 1789ರ ಫ್ರಾನ್ಸಿನಲ್ಲಿದೆ. ಮನುಷ್ಯ ಮತ್ತು ನಾಗರಿಕರ ಹಕ್ಕುಗಳ ಘೋಷಣೆಯನ್ನು ಚಿತ್ರಿಸಿದ ಲೆ ಬಾರ್ಬಿಯೇ ಅದರ ಹದಿನೇಳು ವಿಧಿಗಳನ್ನು ಮೋಶೆಯ ಕಲ್ಲಿನ ಹಲಗೆಗಳಂಥ ಎರಡು ಫಲಕಗಳ ಮೇಲೆ ಬರೆದು, ಎಲ್ಲದರ ಮೇಲೆ ಕಿರಣ ಸೂಸುವ ಆ ಕಣ್ಣನ್ನು ಇಟ್ಟಿದ್ದಾನೆ. ಅರಸನ ದೈವದತ್ತ ಅಧಿಕಾರವನ್ನು ಕಿತ್ತೆಸೆದವರಿಗೂ ಕಾನೂನಿನ ನೆತ್ತಿಯ ಮೇಲೆ ಒಂದು ನೋಟ ಬೇಕಾಗಿತ್ತು.

ಇನ್ನು ಕಿಡಿ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಬಂದ ದಾರಿ. ಪ್ಯಾರಿಸ್ ವಿಶ್ವವಿದ್ಯಾಲಯದ ಕುಲಪತಿ ಜ್ಯಾಂ ಜೆರ್ಸಾನ್ ಅನುಭಾವದ ಮೇಲೆ ಶಾಸ್ತ್ರೀಯವಾಗಿ ಬರೆದವರು. ಸಿಂಡರೆಸಿಸ್ಸನ್ನು ಬೊನವೆಂಚರರ ಹಾಗೆ ಒಲವಿನ ಶಿಖರ ಎಂದವರು. ನಿಯಮದ ಅಕ್ಷರ ಅನ್ಯಾಯಕ್ಕೆ ಎಳೆದಾಗ ಅದನ್ನು ಸಂದರ್ಭಕ್ಕೆ ತಕ್ಕಂತೆ ಸಡಿಲಿಸುವ ನ್ಯಾಯಬುದ್ಧಿಯ ಬಗ್ಗೆಯೂ ಅವರು ಬರೆದರು. ಸುಮಾರು ಒಂದು ಶತಮಾನದ ನಂತರ ಕ್ರಿಸ್ಟೋಫರ್ ಸೇಂಟ್ ಜರ್ಮನ್ ಎಂಬ ಇಂಗ್ಲಿಷ್ ವಕೀಲರು 1520ರ ದಶಕದಲ್ಲಿ ಒಬ್ಬ ದೇವಶಾಸ್ತ್ರ ಪಂಡಿತ ಮತ್ತು ಒಬ್ಬ ಕಾನೂನು ವಿದ್ಯಾರ್ಥಿಯ ನಡುವಿನ ಸಂವಾದವಾಗಿ ಒಂದು ಪುಸ್ತಕ ಬರೆದಾಗ ಈ ವಿಚಾರಗಳನ್ನು ಜೆರ್ಸಾನರಿಂದ ಎತ್ತಿಕೊಂಡರು. ಆ ಪುಸ್ತಕ ಮುಂದೆ ಶತಮಾನಗಳ ಕಾಲ ಇಂಗ್ಲಿಷ್ ವಕೀಲರ ಕೈಪಿಡಿಯಾಗಿತ್ತು.

ಅವರು ಕೊಡುವ ಒಂದು ಉದಾಹರಣೆ ಈ ಇಡೀ ವಿಷಯವನ್ನು ಹಿಡಿದುಕೊಡುತ್ತದೆ. ಒಬ್ಬನು ಮೊಹರು ಹಾಕಿದ ಸಾಲಪತ್ರ ಬರೆದುಕೊಟ್ಟು ಹಣ ತೆಗೆದುಕೊಂಡ. ಗಡುವಿನೊಳಗೆ ತೀರಿಸಿದ. ಆದರೆ ರಸೀದಿ ಬರೆಸಿಕೊಳ್ಳಲಿಲ್ಲ, ಅಥವಾ ಬರೆಸಿಕೊಂಡದ್ದು ಕಳೆದುಹೋಯಿತು. ಸಾಲ ಕೊಟ್ಟವನು ಅದೇ ಪತ್ರ ಹಿಡಿದು ಮತ್ತೆ ದಾವೆ ಹೂಡಿದರೆ ರಾಜ್ಯದ ಸಾಮಾನ್ಯ ಕಾನೂನು ಸಾಲಗಾರನ ಮಾತನ್ನು ಕೇಳುವಂತಿಲ್ಲ. ಮೊಹರಿನ ಪತ್ರಕ್ಕೆ ಬರವಣಿಗೆಯ ಪುರಾವೆಯೇ ಉತ್ತರವಾಗಬೇಕು. ಅವನು ಎರಡನೆಯ ಸಲ ಹಣ ಕಟ್ಟಬೇಕು. ನಿಯಮ ಕ್ರೂರವೆಂದು ಯಾರೂ ಅದನ್ನು ಕಿತ್ತುಹಾಕುವ ಹಾಗಿಲ್ಲ, ಬರೀ ಬಾಯಿಮಾತಿನಿಂದ ಬರೆದ ಪತ್ರಗಳೆಲ್ಲ ಬಿದ್ದುಹೋಗತೊಡಗಿದರೆ ವ್ಯವಹಾರ ನಿಲ್ಲುತ್ತದೆ. ಆಗ ಸಾಲಗಾರ, ಚಾನ್ಸಲರ್ ಎಂಬ ಅರಸನ ಹಿರಿಯ ಅಧಿಕಾರಿ ನಡೆಸುವ ಚಾನ್ಸೆರಿ ನ್ಯಾಯಾಲಯಕ್ಕೆ, ದೇವರ ಪ್ರೀತ್ಯರ್ಥವಾಗಿ ದಯೆಯ ಕಾರ್ಯವೆಂದು ಕಾಪಾಡಬೇಕೆಂದು ಅರ್ಜಿ ಹಾಕುತ್ತಾನೆ. ಚಾನ್ಸಲರ್ ಸಾಲಪತ್ರವನ್ನು ಮುಟ್ಟುವುದಿಲ್ಲ. ಕಾನೂನಿನ ಕಣ್ಣಿಗೆ ಅದು ಊರ್ಜಿತವಾಗಿಯೇ ಇರುತ್ತದೆ. ಅವನು ಸಾಲ ಕೊಟ್ಟವನನ್ನು ಖುದ್ದಾಗಿ ಕರೆಸಿ, ಪ್ರಮಾಣ ಮಾಡಿಸಿ, ಹಣ ಬಂದಿದೆಯೋ ಇಲ್ಲವೋ ಎಂದು ಕೇಳುತ್ತಾನೆ. ಬಂದಿದ್ದರೆ ಆ ಪತ್ರವನ್ನು ಬಳಸಲು ನಿನ್ನ ಆತ್ಮಸಾಕ್ಷಿ ಬಿಡದು, ಬಳಸಿದರೆ ಸೆರೆಮನೆ ಎನ್ನುತ್ತಾನೆ. ಅಂದಿನ ಚಾನ್ಸಲರುಗಳಲ್ಲಿ ಹೆಚ್ಚಿನವರು ಬಿಷಪ್ಪರು. ಪಾಪನಿವೇದನೆಯ ಪೀಠದ ಪ್ರಶ್ನೆಯನ್ನೇ ಅವರು ನ್ಯಾಯಪೀಠಕ್ಕೆ ತಂದಿದ್ದರು. ವಿಚಾರಣಾಧಿಕಾರಿ ಪೊರೆಟ್‌ಗೆ ಮಾಡಿಸಲು ಯತ್ನಿಸಿದ್ದೂ ಇಂಥದೇ ಪ್ರಮಾಣ. ಎರಡೂ ಒಂದೇ ಕಾರ್ಯವಿಧಾನದ ಮಕ್ಕಳು. ಒಂದು ಕಡೆ ಪ್ರಶ್ನೆ ಹೋದದ್ದು ಪತ್ರ, ಮೊಹರು, ಕಾನೂನು ಎಲ್ಲವೂ ತನ್ನ ಕಡೆಗಿರುವವನಿಗೆ, ಅದೂ ನಡೆದ ಒಂದು ಸಂಗತಿಯ ಬಗ್ಗೆ. ಇನ್ನೊಂದು ಕಡೆ ಏನೂ ಇಲ್ಲದವಳಿಗೆ, ದೇವರೊಡನೆ ಅವಳಿಗಿದ್ದ ಸಂಬಂಧದ ಬಗ್ಗೆ.

ಥಾಮಸ್ ಮೋರ್ ಈ ಎರಡೂ ಕಡೆ ನಿಂತವರು. 1529ರಿಂದ 1532ರವರೆಗೆ ಚಾನ್ಸಲರ್ ಆಗಿ ಆತ್ಮಸಾಕ್ಷಿಯ ನ್ಯಾಯಾಲಯವನ್ನು ನಡೆಸಿದರು, ಅದೇ ಅವಧಿಯಲ್ಲಿ ಪಾಷಂಡಿಗಳ ಬೆನ್ನುಹತ್ತಿದರು. ಮುಂದೆ ಅರಸನ ಉತ್ತರಾಧಿಕಾರದ ಪ್ರಮಾಣವನ್ನು ಮಾಡಲು ತಮ್ಮದೇ ಆತ್ಮಸಾಕ್ಷಿ ಒಪ್ಪದಿದ್ದಾಗ ಕಾರಣ ಹೇಳದೆ ಸುಮ್ಮನಿದ್ದರು. ಮೌನವನ್ನು ಕಾನೂನು ಸಮ್ಮತಿಯೆಂದು ಭಾವಿಸಬೇಕೇ ಹೊರತು ದ್ರೋಹವೆಂದಲ್ಲ ಎಂಬುದು ಅವರ ವಾದ. 1535ರ ಜುಲೈ 6ರಂದು ಅವರ ಶಿರಚ್ಛೇದವಾಯಿತು.

ಕಿಡಿಯನ್ನು ನಂಬಿ ನ್ಯಾಯ ನಡೆಸುವುದಕ್ಕೆ ಆಕ್ಷೇಪವೂ ಬಂತು. ಹದಿನೇಳನೆಯ ಶತಮಾನದ ವಿದ್ವಾಂಸ ಜಾನ್ ಸೆಲ್ಡನ್, ಚಾನ್ಸಲರನ ಆತ್ಮಸಾಕ್ಷಿಯನ್ನು ಅಳತೆಗೋಲು ಮಾಡುವುದು ಅವನ ಪಾದವನ್ನೇ ಒಂದು ಅಡಿಯೆಂದು ಹಿಡಿದಂತೆ ಎಂದು ಗೇಲಿ ಮಾಡಿದರು. ಒಬ್ಬನದು ಉದ್ದ, ಇನ್ನೊಬ್ಬನದು ಗಿಡ್ಡ. ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿತ್ತು. ಕೇಳಬೇಕಾದದ್ದು ಪತ್ರ ಹಿಡಿದವನ ಆತ್ಮಸಾಕ್ಷಿಯನ್ನು, ಪೀಠದವನದನ್ನಲ್ಲ ಎಂಬ ಥಾಮಸ್ ಅಕ್ವಿನಾಸರ ಹಳೆಯ ಎಚ್ಚರಿಕೆಯನ್ನು ಚಾನ್ಸೆರಿ ಮರೆಯತೊಡಗಿತ್ತು. 1676ರಲ್ಲಿ ಚಾನ್ಸಲರ್ ಲಾರ್ಡ್ ನಾಟಿಂಗ್‌ಹ್ಯಾಮ್ ತಾನು ಅನುಸರಿಸುವ ಆತ್ಮಸಾಕ್ಷಿ ನಾಗರಿಕವಾದದ್ದು, ಗೊತ್ತಾದ ಅಳತೆಗಳಿಗೆ ಕಟ್ಟುಬಿದ್ದದ್ದು, ಸಹಜ ಒಳದನಿಯಲ್ಲ ಎಂದು ಸ್ಪಷ್ಟಪಡಿಸಿದರು. ಅಲ್ಲಿಂದ ಮುಂದೆ ಟ್ರಸ್ಟು, ಅಡಮಾನ, ತಡೆಯಾಜ್ಞೆಗಳ ಕಾನೂನು ಕ್ರಮಬದ್ಧವಾಗಿ ಬೆಳೆಯಿತು. ಹದ್ದು ಇಲ್ಲಿ ರೆಕ್ಕೆ ಮಡಿಸಿತೆಂದು ಕೊರಗುವವರಿದ್ದಾರೆ. ನಾನು ಆ ಪಕ್ಷದವನಲ್ಲ.

ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ, 1899ರ ಹೇಗ್ ಒಪ್ಪಂದದ ಪೀಠಿಕೆಯಲ್ಲಿ, ಬರೆದ ನಿಯಮಗಳು ಮುಟ್ಟದ ಸಂದರ್ಭಗಳಲ್ಲೂ ಯುದ್ಧದಲ್ಲಿ ಸಿಕ್ಕಿಬಿದ್ದವರು ಮಾನವೀಯತೆಯ ನಿಯಮಗಳ ಮತ್ತು ಸಾರ್ವಜನಿಕ ಆತ್ಮಸಾಕ್ಷಿಯ ರಕ್ಷಣೆಯಲ್ಲಿರುತ್ತಾರೆ ಎಂಬ ಮಾತು ಸೇರಿತು. ಇಲ್ಲಿಯೂ ಪ್ರಶ್ನೆ ಎದುರಿಸುವುದು ಆಯುಧ ಹಿಡಿದವನು. 1947ರಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ತಯಾರಾಗುವಾಗ ಮನುಷ್ಯನ ಲಕ್ಷಣವಾಗಿ ವಿವೇಕವೊಂದೇ ಇತ್ತು. ಅದು ಸಾಲದು ಎಂದವರು ಕನ್ಫ್ಯೂಷಿಯಸ್ ಪರಂಪರೆಯಲ್ಲಿ ಬೆಳೆದ ಚೀನಾದ ಪ್ರತಿನಿಧಿ ಪಿ. ಸಿ. ಚಾಂಗ್. ಅವರ ಸೂಚನೆಯ ಫಲವಾಗಿ ವಿವೇಕದ ಪಕ್ಕದಲ್ಲಿ ಆತ್ಮಸಾಕ್ಷಿ ಬಂದು ಕುಳಿತಿತು. ಮನುಷ್ಯಮುಖ ಒಂದೇ ಸಾಲದು, ನಾಲ್ಕನೆಯ ಮುಖವೂ ಬೇಕು ಎಂದು ಬೆತ್ಲೆಹೇಮಿನ ವ್ಯಾಖ್ಯಾನಕಾರರಿಗೆ ಸಂಬಂಧವೇ ಇಲ್ಲದ ದಾರಿಯಿಂದ ಬಂದವರೊಬ್ಬರು ಹೇಳಿದಂತಾಯಿತು. ಮನುಷ್ಯರು ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದವರೆಂದು ಸೇರಿಸಬೇಕೆಂಬ ಬ್ರೆಜಿಲಿನ ಸಲಹೆ ಮಾತ್ರ ಉಳಿಯಲಿಲ್ಲ.

ಅದೇ ಘೋಷಣೆಯ ಹದಿನೆಂಟನೆಯ ವಿಧಿ ಮತ್ತು ಅದನ್ನು ವಿಸ್ತರಿಸಿದ 1966ರ ಅಂತಾರಾಷ್ಟ್ರೀಯ ಒಡಂಬಡಿಕೆ ಪೊರೆಟ್‌ಳ ಮೊಕದ್ದಮೆಯ ಕಡೆಗೆ ತಿರುಗಿವೆ ಎಂದು ಓದಬಹುದು. ನಂಬಿಕೆಯನ್ನು ಹೊರಗೆ ಆಚರಿಸುವುದಕ್ಕೆ ಸಾರ್ವಜನಿಕ ಸುರಕ್ಷತೆ, ಆರೋಗ್ಯ, ಇತರರ ಹಕ್ಕುಗಳಂಥ ಕಾರಣಗಳಿಗಾಗಿ ಕಾನೂನು ಮಿತಿ ಹಾಕಬಹುದು. ಒಳಗೆ ನಂಬುವುದಕ್ಕೆ ಯಾವ ಮಿತಿಯೂ ಇಲ್ಲ, ಯುದ್ಧದ ತುರ್ತುಪರಿಸ್ಥಿತಿಯಲ್ಲೂ ಅದನ್ನು ಅಮಾನತು ಮಾಡುವಂತಿಲ್ಲ. ಈ ಒಳಗಿನ ವಲಯವನ್ನು ಮಾನವ ಹಕ್ಕುಗಳ ನ್ಯಾಯವೇತ್ತರು ಇವತ್ತಿಗೂ ಕರೆಯುವುದು ಪಾಪನಿವೇದನೆಯ ಪೀಠಕ್ಕೆ ಧರ್ಮಸಭೆಯ ಕಾನೂನು ಪಂಡಿತರು ಇಟ್ಟ ಲ್ಯಾಟಿನ್ ಹೆಸರಿನಿಂದಲೇ: ಫೋರಮ್ ಇಂಟರ್ನಮ್.